ಹಿಮದ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಇದ್ದರೆ ಸಾಕೇ?

ನಾಯಂಡಹಳ್ಳಿಯಲ್ಲಿ ಹಿಮ ಬೀಳುವುದಿಲ್ಲ. ಆಲಿಕಲ್ಲು ಬಿದ್ದರೆ ಅದನ್ನೇ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್‌ಗೆ ಹಾಕುವ ಜನ ನಾವು. ಆದರೂ ಈ ಸಂಚಿಕೆಗೆ ನಾನು ಹಿಮದಲ್ಲಿ ಕಾರು ಓಡಿಸುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಕಾಲೇಜಿನ ಎಷ್ಟೋ ಮನೆಗಳಿಂದ ಅಣ್ಣನೋ ಅಕ್ಕನೋ ಓದಲು, ಕೆಲಸಕ್ಕೆಂದು ಚಳಿ ದೇಶಗಳಿಗೆ ಹೋಗಿದ್ದಾರೆ. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕ್ಲಚ್ಚು, ಬ್ರೇಕು ಕಲಿತವರು ಅಲ್ಲಿ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯೇ ಬೆಳ್ಳಗಾಗಿರುತ್ತದೆ. ಆ ರಸ್ತೆಯ ಬಗ್ಗೆ ಇಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ.

ನನ್ನ ಖಾಲಾನ ಮಗ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್ ಊರಿನಲ್ಲಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಅವರು ಭಾಯಿಜಾನ್. ಕಳೆದ ವರ್ಷ ಒಂದು ಹಳೆಯ ಆಲ್ ವೀಲ್ ಡ್ರೈವ್ ಕಾರು ಕೊಂಡರು, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರು. ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೊರಟು ಹೈವೇಯಲ್ಲಿ ಹೋಗಬೇಕು. ಚಳಿಗಾಲ ಹತ್ತಿರ ಬಂದಾಗ ವಿಂಟರ್ ಟೈರ್ ಹಾಕಿಸುವ ಪ್ರಶ್ನೆ ಎದ್ದಿತು. ನಾಲ್ಕು ಟೈರಿಗೆ ಅವರಿಗೆ ಸಿಕ್ಕ ಲೆಕ್ಕ ಸುಮಾರು ಸಾವಿರ ಡಾಲರ್, ನಮ್ಮ ದುಡ್ಡಿನಲ್ಲಿ ಅರವತ್ತು ಸಾವಿರ ರೂಪಾಯಿಯ ಆಸುಪಾಸು. ಎಜುಕೇಷನ್ ಲೋನಿನ ಕಂತು ಇನ್ನೂ ತೀರಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, ‘ನಿನ್ನದು ಆಲ್ ವೀಲ್ ಡ್ರೈವ್ ತಾನೆ, ವಿಂಟರ್ ಟೈರ್ ಯಾಕೆ?’ ಎಂದರಂತೆ. ಭಾಯಿಜಾನ್ ಇದನ್ನೇ ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿದರು. ಖಾಲಾ ಗಾಬರಿಯಾಗಿ ಮೈಸೂರು ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ಮಾಮುಗೆ ಫೋನ್ ಮಾಡಿದರು. ಮಾಮು ಜೀವನದಲ್ಲಿ ಹಿಮ ನೋಡಿದವರಲ್ಲ. ಆದರೂ ಒಂದು ಕ್ಷಣವೂ ಯೋಚಿಸದೆ, ‘ಬೇರೆ ಏನಾದರೂ ಉಳಿಸಲಿ, ಟೈರಿನಲ್ಲಿ ಬೇಡ’ ಎಂದರು. ಯಾಕೆ ಎಂದು ಕೇಳಿದಾಗ ನನ್ನ ಕಡೆ ತಿರುಗಿ, ‘ನೀನು ಸೈನ್ಸ್ ಅಲ್ವಾ ಬೇಟಾ, ನೀನೇ ಲೆಕ್ಕ ಹಾಕಿ ಹೇಳು’ ಅಂದುಬಿಟ್ಟರು.

ಹಾಗೆ ಹಾಕಿದ ಲೆಕ್ಕ ಇದು.

ಮೊದಲು, ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೆ ಎಂಬುದು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಐದು ನಿಮಿಷ ನಿಂತರೆ ಎಲ್ಲ ಬಗೆಯೂ ಕಣ್ಣೆದುರೇ ಹೋಗುತ್ತವೆ. ಆಟೊ, ಓಮ್ನಿ, ಟಾಟಾ ಏಸ್, ಬೊಲೆರೊ, ಬಿಎಂಟಿಸಿ ಬಸ್ಸು ಇವೆಲ್ಲ ಹಿಂದಿನ ಚಕ್ರದಿಂದ ನೂಕಿಸಿಕೊಂಡು ಹೋಗುವ ಗಾಡಿಗಳು. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್ ಮುಂದಿನ ಚಕ್ರದಿಂದ ಎಳೆಯುತ್ತವೆ. ಜಿಮ್ನಿಯಲ್ಲಿ, ಥಾರ್‌ನ ಕೆಲವು ಮಾದರಿಗಳಲ್ಲಿ ಬೇಕೆಂದಾಗ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಬಲ ಕೊಡಬಹುದು. ಭಾಯಿಜಾನ್ ಕಾರಿನಂಥ ಆಲ್ ವೀಲ್ ಡ್ರೈವ್‌ನಲ್ಲಿ ಲಿವರ್ ಇಲ್ಲ, ಕಾರು ತಾನೇ ಹಂಚಿಕೊಳ್ಳುತ್ತದೆ.

ಒಣ ರಸ್ತೆಯಲ್ಲಿ ಈ ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ಜಾರುವ ರಸ್ತೆಯಲ್ಲಿ ಬರುತ್ತದೆ. ಫಸ್ಟ್ ಪಿಯುಸಿಯಲ್ಲಿ ಓದಿದ ಘರ್ಷಣೆಯ ಪಾಠ ನೆನಪಿಸಿಕೊಳ್ಳಿ. ಚಕ್ರವೊಂದು ರಸ್ತೆಯನ್ನು ಹಿಂದಕ್ಕೆ ತಳ್ಳಬಲ್ಲ ಗರಿಷ್ಠ ಬಲವೆಂದರೆ ಘರ್ಷಣಾ ಗುಣಾಂಕ ಗುಣಿಸು ಆ ಚಕ್ರದ ಮೇಲೆ ಬಿದ್ದಿರುವ ಭಾರ. ಗುಣಾಂಕ ಒಣ ಡಾಂಬರಿನ ಮೇಲೆ ಸುಮಾರು 0.7, ಒದ್ದೆ ಡಾಂಬರಿನ ಮೇಲೆ ಸುಮಾರು 0.5, ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 0.2, ನುಣುಪು ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಇವು ಒರಟು ಲೆಕ್ಕ. ಟೈರು, ತಾಪಮಾನ ಬದಲಾದಂತೆ ಸಂಖ್ಯೆಯೂ ಬದಲಾಗುತ್ತದೆ.

ಈಗ ಮೂರು ಕಾರುಗಳನ್ನು ಗಟ್ಟಿ ಹಿಮದ ಮೇಲೆ ಒಂದೇ ಬಗೆಯ ಟೈರು ಹಾಕಿ ನಿಲ್ಲಿಸೋಣ. ಭಾರದಲ್ಲಿ ನೂರಕ್ಕೆ 60 ಪಾಲು ಮುಂದೆ, 40 ಪಾಲು ಹಿಂದೆ ಇದೆ ಎಂದಿಟ್ಟುಕೊಳ್ಳಿ. ಮುಂದಿನ ಚಕ್ರ ಎಳೆಯುವ ಕಾರಿಗೆ ಭಾರದ 60 ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಗಂಟೆಗೆ 30 ಕಿ.ಮೀ. ವೇಗ ಮುಟ್ಟಲು ಸುಮಾರು 7 ಸೆಕೆಂಡು ಬೇಕು. ಹಿಂದಿನ ಚಕ್ರ ನೂಕುವ ಕಾರಿಗೆ 40 ಪಾಲು ಮಾತ್ರ, ಆದ್ದರಿಂದ ಹತ್ತು ಸೆಕೆಂಡಿಗಿಂತ ಹೆಚ್ಚು. ನಾಲ್ಕೂ ಚಕ್ರ ತಿರುಗುವ ಕಾರಿಗೆ ಪೂರ್ತಿ ಭಾರ ಸಿಗುತ್ತದೆ, ನಾಲ್ಕು ಸೆಕೆಂಡು ಚಿಲ್ಲರೆಯಲ್ಲಿ ಮುಟ್ಟಿಬಿಡುತ್ತದೆ. ಚಳಿ ದೇಶಗಳಲ್ಲಿ ಹಿಂದಿನ ಚಕ್ರದ ಗಾಡಿ ಇರುವವರು ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟುಕೊಳ್ಳುವುದು ಇದಕ್ಕೇ. ಹಿಂದಿನ ಚಕ್ರದ ಮೇಲೆ ಭಾರ ಬೀಳಲಿ ಎಂದು. ಸಿಕ್ಕಿಹಾಕಿಕೊಂಡರೆ ಅದೇ ಮರಳನ್ನು ಚಕ್ರದ ಕೆಳಗೆ ಸುರಿಯಲೂಬಹುದು.

ಹಾಗಾದರೆ ಆ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ನಿಜ. ಹೊರಡುವಾಗ, ಏರು ಹತ್ತುವಾಗ, ಹಿಮದಲ್ಲಿ ಹೂತಾಗ ನಾಲ್ಕು ಚಕ್ರದ ಕಾರೇ ಮೇಲು.

ಇನ್ನರ್ಧ ಬ್ರೇಕ್ ಒತ್ತಿದಾಗ ಗೊತ್ತಾಗುತ್ತದೆ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ಆಲ್ಟೊಗೂ ನಾಲ್ಕು, ಲಕ್ಷಾಂತರ ರೂಪಾಯಿ ಹೆಚ್ಚು ಕೊಟ್ಟು ತಂದ ಎಸ್‌ಯುವಿಗೂ ನಾಲ್ಕು. ಕಾಲು ಬ್ರೇಕಿನ ಮೇಲೆ ಹೋದ ಕ್ಷಣದಿಂದ ಎಂಜಿನ್ ಎಷ್ಟು ಚಕ್ರ ತಿರುಗಿಸುತ್ತಿತ್ತು ಎಂಬುದಕ್ಕೆ ಹೆಚ್ಚುಕಡಿಮೆ ಬೆಲೆಯೇ ಇಲ್ಲ. ನಿಲ್ಲಲು ಬೇಕಾಗುವ ದೂರ ತಿಳಿಯಲು ವೇಗದ ವರ್ಗವನ್ನು ‘2 × ಗುಣಾಂಕ × 9.8’ ರಿಂದ ಭಾಗಿಸಬೇಕು. ಈ ಸೂತ್ರದಲ್ಲಿ ಕಾರಿನ ತೂಕ ಎಲ್ಲಿದೆ ಎಂದು ಹುಡುಕಿ. ಇಲ್ಲ. ಅದು ಎರಡೂ ಕಡೆ ಹೊಡೆದುಹೋಗುತ್ತದೆ. ದೊಡ್ಡ ಗಾಡಿ ಹಿಮದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ನಮ್ಮ ಮನೆಯಲ್ಲೂ ಒಬ್ಬರು ವಾದ ಮಾಡಿದರು. ಸೂತ್ರ ಅದನ್ನು ಒಪ್ಪುವುದಿಲ್ಲ.

ಗಂಟೆಗೆ 50 ಕಿ.ಮೀ. ವೇಗ ಇಟ್ಟುಕೊಂಡು ಲೆಕ್ಕ ಹಾಕಿದೆ. ಒಣ ಡಾಂಬರಿನಲ್ಲಿ ಸುಮಾರು 14 ಮೀಟರ್. ಒದ್ದೆ ಡಾಂಬರಿನಲ್ಲಿ 20. ಗಟ್ಟಿ ಹಿಮದಲ್ಲಿ 49. ಮಂಜುಗಡ್ಡೆಯ ಮೇಲೆ 98, ಅಂದರೆ ನೂರು ಮೀಟರ್ ಓಟದ ಟ್ರ್ಯಾಕಿನಷ್ಟು ಉದ್ದ. ಇದು ಬ್ರೇಕ್ ಹಿಡಿದ ಮೇಲಿನ ದೂರ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 14 ಮೀಟರ್ ಹೋಗಿರುತ್ತದೆ, ಅದು ಬೇರೆ.

ಇಷ್ಟು ಬರೆದು ಮಾಮುಗೆ ತೋರಿಸಿದೆ. ಅವರು ಸಂಖ್ಯೆಗಳನ್ನು ನೋಡಿ, ‘ಸರಿ, ಟೈರ್ ಬದಲಾಯಿಸಿದರೆ ಇದರಲ್ಲಿ ಏನು ಬದಲಾಗುತ್ತೆ?’ ಎಂದರು. ಬದಲಾಗುವುದು ಆ ಗುಣಾಂಕವೇ. ಗಟ್ಟಿ ಹಿಮದಲ್ಲಿ ಸಾಮಾನ್ಯ ಟೈರಿಗೆ 0.2 ಇದ್ದು, ಒಳ್ಳೆಯ ವಿಂಟರ್ ಟೈರು ಅದನ್ನು 0.3ಕ್ಕೆ ಏರಿಸಿತು ಎನ್ನಿ. ನಿಲ್ಲುವ ದೂರ 49ರಿಂದ 33 ಮೀಟರಿಗೆ ಇಳಿಯುತ್ತದೆ. ಹದಿನಾರು ಮೀಟರ್ ಅಂದರೆ ಒಂದರ ಹಿಂದೆ ಒಂದು ನಿಲ್ಲಿಸಿದ ನಾಲ್ಕು ಸ್ವಿಫ್ಟ್ ಕಾರು. ಇದನ್ನೇ ಇನ್ನೊಂದು ರೀತಿಯಲ್ಲಿ ಕೇಳಿಕೊಂಡೆ: ಎರಡೂ ಕಾರು ಒಟ್ಟಿಗೆ ಬ್ರೇಕ್ ಹಿಡಿದರೆ, ವಿಂಟರ್ ಟೈರಿನ ಕಾರು ಪೂರ್ತಿ ನಿಂತ ಜಾಗದಲ್ಲಿ ಮತ್ತೊಂದು ಕಾರು ಎಷ್ಟು ವೇಗದಲ್ಲಿ ಹೋಗುತ್ತಿರುತ್ತದೆ? ಉತ್ತರ ಗಂಟೆಗೆ ಸುಮಾರು 29 ಕಿ.ಮೀ. ಆ ಜಾಗದಲ್ಲಿ ರಸ್ತೆ ದಾಟುವ ಮಗು ಇದ್ದರೆ ಎಂದು ಖಾಲಾ ಕೇಳಿದರು. ಗ್ರೂಪಿನಲ್ಲಿ ಆಮೇಲೆ ಯಾರೂ ಏನೂ ಬರೆಯಲಿಲ್ಲ.

ತಿರುವಿನಲ್ಲೂ ಇದೇ ಕಥೆ. ಐವತ್ತು ಮೀಟರ್ ತ್ರಿಜ್ಯದ ತಿರುವನ್ನು ಒಣ ರಸ್ತೆಯಲ್ಲಿ ಗಂಟೆಗೆ 65 ಕಿ.ಮೀ.ವರೆಗೂ ತೆಗೆದುಕೊಳ್ಳಬಹುದು, ಗಟ್ಟಿ ಹಿಮದಲ್ಲಿ 35, ಮಂಜುಗಡ್ಡೆಯಲ್ಲಿ 25. ಫೋರ್ ವೀಲ್ ಡ್ರೈವ್‌ನಲ್ಲಿ ಅಪಾಯ ಇರುವುದು ಇಲ್ಲಿಯೇ. ಬೇರೆ ಕಾರಾಗಿದ್ದರೆ ಹೊರಡುವಾಗಲೇ ಚಕ್ರ ಸುಮ್ಮನೆ ಸುತ್ತಿ, ‘ರಸ್ತೆ ಜಾರುತ್ತಿದೆ, ನಿಧಾನ’ ಎಂದು ಎಚ್ಚರಿಸುತ್ತಿತ್ತು. ನಾಲ್ಕು ಚಕ್ರದ ಕಾರು ಆ ಎಚ್ಚರಿಕೆ ಕೊಡದೆ ಸಲೀಸಾಗಿ 60ಕ್ಕೆ ಏರಿಬಿಡುತ್ತದೆ. ಜಾರುವುದು ಗೊತ್ತಾಗುವುದು ತಿರುವಿಗೆ ಬಂದ ಮೇಲೆ.

ಟೈರಿನಲ್ಲಿ ಅಂಥದ್ದೇನಿದೆ? ಮೊದಲನೆಯದು ರಬ್ಬರ್. ರಬ್ಬರ್ ತಣ್ಣಗಾದಂತೆ ಗಡುಸಾಗುತ್ತದೆ. ನಮ್ಮ ಕಾಲೇಜಿನಲ್ಲಿ ವುಜೂ ಮಾಡುವ ಜಾಗದ ಒದ್ದೆ ಟೈಲ್ಸಿನ ಮೇಲೆ ಮೆತ್ತನೆಯ ಹೊಸ ಹವಾಯಿ ಚಪ್ಪಲಿಯಲ್ಲಿ ನಡೆಯುವುದಕ್ಕೂ, ಸವೆದು ಕಲ್ಲಿನಂತಾದ ಹಳೆಯ ಚಪ್ಪಲಿಯಲ್ಲಿ ನಡೆಯುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಮೆತ್ತನೆಯ ರಬ್ಬರ್ ನೆಲದ ಸಣ್ಣ ಸಣ್ಣ ಉಬ್ಬುತಗ್ಗಿಗೆ ಅಂಟಿಕೊಳ್ಳುತ್ತದೆ. ಬಿಸಿಲಿನ ದೇಶಕ್ಕೆ ಮಾಡಿದ ಟೈರು 40 ಡಿಗ್ರಿಯಲ್ಲೂ ಕರಗದಂತೆ ಗಟ್ಟಿಯಾಗಿಯೇ ಇರಬೇಕು. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿದಾಗಿನಿಂದ ಅದು ಹಿಡಿತ ಕಳೆದುಕೊಳ್ಳತೊಡಗುತ್ತದೆ, ಸೊನ್ನೆಗಿಂತ ಕೆಳಗೆ ಇನ್ನೂ ಕೆಡುತ್ತದೆ. ವಿಂಟರ್ ಟೈರಿನ ರಬ್ಬರಿನಲ್ಲಿ ಸಿಲಿಕಾ ಸೇರಿಸಿ, ಮಿಶ್ರಣ ಬದಲಿಸಿ, ಚಳಿಯಲ್ಲೂ ಮೆತ್ತಗಿರುವಂತೆ ಮಾಡಿರುತ್ತಾರೆ. ಅದನ್ನೇ ಬೇಸಿಗೆಯಲ್ಲಿ ಓಡಿಸಿದರೆ ಬೇಗ ಸವೆದುಹೋಗುತ್ತದೆ. ಅದಕ್ಕೇ ಅಲ್ಲಿ ವರ್ಷಕ್ಕೆ ಎರಡು ಸಲ ಟೈರು ಬದಲಾಯಿಸುತ್ತಾರೆ. ಕೆನಡಾದಲ್ಲಿ ಕಾರಿನ ಜೊತೆಗೇ ಬರುವ ‘ಆಲ್ ಸೀಸನ್’ ಟೈರು ಹೆಸರಿಗೆ ಎಲ್ಲ ಕಾಲದ್ದು. ಗಟ್ಟಿ ಚಳಿಗಾಲ ಅದರ ಲೆಕ್ಕದಲ್ಲಿ ಸೇರಿಲ್ಲ ಎನ್ನುವುದೇ ಸರಿ.

ಎರಡನೆಯದು ಟೈರಿನ ಮೇಲಿನ ಗೀರುಗಳು. ವಿಂಟರ್ ಟೈರನ್ನು ಹತ್ತಿರದಿಂದ ನೋಡಿದರೆ ಪ್ರತಿ ರಬ್ಬರ್ ಕಟ್ಟೆಯ ಮೇಲೂ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳು ಸಾಲಾಗಿ ಇರುತ್ತವೆ. ಚಕ್ರ ಉರುಳುವಾಗ ಅವು ಬಾಯಿ ತೆರೆದು ನೂರಾರು ಅಂಚುಗಳಾಗಿ ಹಿಮವನ್ನು ಕಚ್ಚುತ್ತವೆ. ದೊಡ್ಡ ಕಾಲುವೆಗಳೊಳಗೆ ಹಿಮ ತುಂಬಿಕೊಳ್ಳುತ್ತದೆ. ಅದು ತುಂಬಿಕೊಳ್ಳುವುದೇ ಒಳ್ಳೆಯದು ಎಂಬುದು ನನಗೆ ಹೊಸ ಸಂಗತಿಯಾಗಿತ್ತು. ಹಿಮಕ್ಕೆ ಹಿಮ ಅಂಟುತ್ತದೆ, ಉಂಡೆ ಕಟ್ಟುವಾಗ ಅಂಟಿಕೊಳ್ಳುವ ಹಾಗೆ. ಟೈರಿನೊಳಗಿನ ಹಿಮ ರಸ್ತೆಯ ಹಿಮವನ್ನು ಹಿಡಿದುಕೊಳ್ಳುತ್ತದೆ.

ನಮ್ಮ ಮಲೆನಾಡಿನ ಕೆಸರಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಕೊಡಚಾದ್ರಿಗೆ ಹೋದವರು ಅಲ್ಲಿನ ಜೀಪು ಹತ್ತಿರುತ್ತೀರಿ. ಸಮುದ್ರ ಮಟ್ಟದಿಂದ 1,343 ಮೀಟರ್ ಎತ್ತರದ ಬೆಟ್ಟ, ಕೊನೆಯ ಕೆಲವು ಕಿಲೋಮೀಟರಿನಲ್ಲಿ ರಸ್ತೆ ಎನ್ನುವುದಕ್ಕಿಂತ ಕಲ್ಲು, ಕೆಸರು, ಹಳ್ಳ. ನಮ್ಮ ಕುಟುಂಬ ಮಳೆಗಾಲದ ಕೊನೆಯಲ್ಲಿ ಹೋದಾಗ ನಾವು ಹತ್ತಿದ ಜೀಪಿನ ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನು ಸುತ್ತಿದ್ದರು. ಹಿಮ ಪ್ರದೇಶದಲ್ಲೂ ಚಕ್ರಕ್ಕೆ ಚೈನು ಕಟ್ಟುತ್ತಾರೆ. ಉಪಾಯ ಒಂದೇ, ಕಬ್ಬಿಣದ ಕೊಂಡಿ ನೆಲದೊಳಗೆ ಇಳಿದು ಹಿಡಿಯುವುದು. ಆದರೆ ಕೆಸರಿನ ಟೈರಿನಲ್ಲಿ ಗುಬ್ಬಿಗಳು ದಪ್ಪ, ಮಧ್ಯದ ಸಂದು ಅಗಲ, ಏಕೆಂದರೆ ಮೆತ್ತಿದ ಕೆಸರನ್ನು ಅದು ಎಸೆಯುತ್ತಲೇ ಇರಬೇಕು. ಎಸೆಯದಿದ್ದರೆ ಟೈರು ಮಣ್ಣಿನ ಗುಂಡಾಗಿ ಜಾರುತ್ತದೆ. ಆ ದಪ್ಪ ಗುಬ್ಬಿಯ ಟೈರು ನೋಡಲು ರಾಕ್ಷಸನಂತಿದ್ದರೂ ನುಣುಪು ಮಂಜುಗಡ್ಡೆಯ ಮೇಲೆ ಸಪ್ಪೆ: ರಬ್ಬರ್ ಗಡುಸು, ಸಣ್ಣ ಸೀಳುಗಳು ಕಡಿಮೆ.

ಇದನ್ನು ಹೇಳಲು ಕಾರಣವಿದೆ. ನಮ್ಮ ಬೆಂಗಳೂರಿನಿಂದಲೇ ಜನ ಸ್ವಂತ ಗಾಡಿಯಲ್ಲಿ ಮನಾಲಿಗೆ ಹೋಗುತ್ತಾರೆ. 2020ರ ಅಕ್ಟೋಬರ್ 3ರಂದು ರೋಹ್ತಾಂಗ್ ಕೆಳಗಿನ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಡೆಗೆ ಹೋಗುವುದು ಸುಲಭವಾಗಿದೆ. ಹಿಮ ಬಿದ್ದ ದಿನ ಅಲ್ಲಿನ ಪೊಲೀಸರು ಹೆಚ್ಚಾಗಿ ಫೋರ್ ವೀಲ್ ಡ್ರೈವ್ ಗಾಡಿಗಳನ್ನಷ್ಟೇ ಮೇಲೆ ಬಿಡುತ್ತಾರೆ. ಏರಿನಲ್ಲಿ ಸಿಕ್ಕಿಕೊಂಡು ದಾರಿ ಕಟ್ಟಬಾರದಲ್ಲ. ಬಿಟ್ಟಿದ್ದಾರೆಂದರೆ ನಮ್ಮ ಗಾಡಿಗೆ ಏನೂ ಆಗುವುದಿಲ್ಲ ಎಂದು ಪ್ರವಾಸಿಗಳು ತಿಳಿಯುತ್ತಾರೆ. ವಾಪಸ್ ಇಳಿಯುವಾಗ ಅದೇ ಗಾಡಿ ನಾಲ್ಕೂ ಚಕ್ರ ಲಾಕ್ ಆಗಿ, ಸ್ಲೆಡ್ಜ್ ಬಂಡಿಯ ಹಾಗೆ ಅಡ್ಡಡ್ಡ ಜಾರುವ ವಿಡಿಯೊಗಳನ್ನು ಪ್ರತಿ ಚಳಿಗಾಲ ನೀವೂ ನೋಡಿರುತ್ತೀರಿ. ಗಾಡಿ ಹಿಮಕ್ಕೆ ತಕ್ಕದ್ದೇ, ಕೆಳಗಿನ ಟೈರು ಮಾತ್ರ ಬೆಂಗಳೂರಿನದು. ಸೊನ್ನೆ ಡಿಗ್ರಿಯ ಹತ್ತಿರ ಮಂಜುಗಡ್ಡೆಯ ಮೇಲೆ ತೆಳುವಾದ ನೀರಿನ ಪದರ ಇರುವುದರಿಂದ ಅದು ಕಡು ಚಳಿಗಿಂತಲೂ ಹೆಚ್ಚು ಜಾರುತ್ತದೆ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ.

ಇಳಿಜಾರಿನಲ್ಲಿ ಬ್ರೇಕಿಗಿಂತ ಕಡಿಮೆ ಗೇರನ್ನು ನಂಬಬೇಕು ಎಂಬುದು ಚಾರ್ಮಾಡಿ, ಶಿರಾಡಿ ಘಾಟಿಯ ಡ್ರೈವರುಗಳಿಗೆ ಹೊಸದಲ್ಲ, ಹಿಮದಲ್ಲೂ ಅದೇ. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗದಂತೆ ನೋಡಿಕೊಂಡು ಸ್ಟೀರಿಂಗ್ ನಮ್ಮ ಕೈಯಲ್ಲಿ ಉಳಿಸುತ್ತದೆ. ಆದರೆ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಸಡಿಲ ಹಿಮದಲ್ಲಿ ನಿಲ್ಲುವ ದೂರ ಸ್ವಲ್ಪ ಹೆಚ್ಚಾಗಲೂಬಹುದು.

ಭಾಯಿಜಾನ್ ವಿಷಯಕ್ಕೆ ಬಂದರೆ, ಅವರು ಇನ್ನೊಂದು ಲೆಕ್ಕ ಮುಂದಿಟ್ಟರು: ಎರಡೇ ಟೈರು ಕೊಂಡು ಮುಂದೆ ಹಾಕಿದರೆ ಅರ್ಧ ದುಡ್ಡು ಉಳಿಯುತ್ತದಲ್ಲ? ಈ ಪ್ರಶ್ನೆಗೆ ಮಾಮು ಅಂಗಡಿಯಿಂದಲೇ ವಾಯ್ಸ್ ಮೆಸೇಜ್ ಕಳಿಸಿದರು. ಮುಂದಿನ ಚಕ್ರ ಹಿಡಿದು, ಹಿಂದಿನದು ಹಿಡಿಯದಿದ್ದರೆ ತಿರುವಿನಲ್ಲಿ ಹಿಂಭಾಗ ಹೊರಗೆ ಬೀಸಿಕೊಂಡು ಕಾರು ಗರಗರ ತಿರುಗುತ್ತದೆ, ಮಳೆಯಲ್ಲಿ ಹಿಂದೆ ಬೋಳು ಟೈರು ಹಾಕಿಕೊಂಡು ಬರುವ ಕ್ಯಾಬುಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ ಎಂದರು. ಹಾಕಿದರೆ ನಾಲ್ಕೂ. ಕೊನೆಗೆ ನಾಲ್ಕೂ ಹಾಕಿಸಿದರು, ಎರಡು ಕಂತಿನಲ್ಲಿ. ದುಡ್ಡಿನ ವಿಷಯದಲ್ಲಿ ಸಮಾಧಾನವೆಂದರೆ, ವಿಂಟರ್ ಟೈರು ಓಡುವ ತಿಂಗಳುಗಳಲ್ಲಿ ಇನ್ನೊಂದು ಜೊತೆ ಮನೆಯಲ್ಲಿ ಸವೆಯದೆ ಕೂತಿರುತ್ತದೆ. ಒಂಟಾರಿಯೊದಲ್ಲಿ ವಿಂಟರ್ ಟೈರು ಕಡ್ಡಾಯವಲ್ಲ, ಆದರೆ ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂದು 2016ರಿಂದ ನಿಯಮವಿದೆ. ಪಕ್ಕದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಇಲ್ಲದೆ ಕಾರು ರಸ್ತೆಗೆ ಇಳಿಯುವಂತಿಲ್ಲ. ಆ ಕಾನೂನಿಗೆ ಕಾರು ಎಷ್ಟು ಚಕ್ರದ್ದು ಎಂಬುದು ಲೆಕ್ಕಕ್ಕೇ ಇಲ್ಲ. ಫೋರ್ ವೀಲ್ ಡ್ರೈವಿಗೂ ವಿನಾಯಿತಿ ಇಲ್ಲ.

ಚಳಿ ದೇಶಕ್ಕೆ ಹೋಗುವವರು ಟೈರಿನ ಪಕ್ಕದಲ್ಲಿ ಒಂದು ಗುರುತು ನೋಡಿಕೊಳ್ಳಿ: ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಹಿಮದ ಪರೀಕ್ಷೆಯಲ್ಲಿ ಪಾಸಾದ ಟೈರಿಗೆ ಮಾತ್ರ ಆ ಚಿತ್ರ ಇರುತ್ತದೆ. ‘ಎಂ ಪ್ಲಸ್ ಎಸ್’ ಎಂಬ ಅಕ್ಷರ ಮಾತ್ರ ಇದ್ದರೆ ಅದು ಗೀರುಗಳ ವಿನ್ಯಾಸ ನೋಡಿ ಕಂಪನಿಯೇ ಹಾಕಿಕೊಂಡದ್ದು. ಗಾಳಿಯ ವಿಷಯವೂ ಇದೆ. 20 ಡಿಗ್ರಿಯಲ್ಲಿ 32 ಪಿಎಸ್‌ಐ ಹಿಡಿಸಿದ ಟೈರು ಮೈನಸ್ 15ರಲ್ಲಿ 26ರ ಹತ್ತಿರ ತೋರಿಸುತ್ತದೆ. ಪಂಕ್ಚರ್ ಆಗಿಲ್ಲ, ಅನಿಲ ನಿಯಮ ಅಷ್ಟೆ. ಲೆಕ್ಕ ಹಾಕಿ ನೋಡುವವರು ವಾತಾವರಣದ ಒತ್ತಡ 14.7 ಕೂಡಿಸಿಕೊಳ್ಳುವುದನ್ನು, ತಾಪಮಾನವನ್ನು ಕೆಲ್ವಿನ್‌ಗೆ ಬದಲಿಸುವುದನ್ನು ಮರೆಯಬೇಡಿ.

ಇಲ್ಲೇ ಇರುವ ನಮಗೆ ಹಿಮದ ಬದಲು ಮೊದಲ ಮಳೆ ಇದೆ. ಬೇಸಿಗೆಯಿಡೀ ಮೈಸೂರು ರಸ್ತೆಗೆ ಮೆತ್ತಿದ ಎಣ್ಣೆ, ಧೂಳು, ರಬ್ಬರ್ ಪುಡಿ ಮೊದಲ ಹತ್ತು ನಿಮಿಷದ ಮಳೆಗೆ ಕದಡಿ ಸಾಬೂನಿನಂತಾಗುತ್ತದೆ. ಮೆಟ್ರೊ ಕಂಬಗಳ ಪಕ್ಕದಲ್ಲಿ ಸ್ಕೂಟರುಗಳು ಬೀಳುವುದು ಹೆಚ್ಚಾಗಿ ಆಗಲೇ. ಕೆಂಗೇರಿ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಆದರೆ ನೀರು ನಿಂತ ರಸ್ತೆಯಲ್ಲಿ ಆ ವೇಗ ತಲುಪುವ ಮೊದಲೇ ಸವೆದ ಟೈರು ನೀರಿನ ಮೇಲೆ ತೇಲತೊಡಗಬಹುದು. ನೀರನ್ನು ಪಕ್ಕಕ್ಕೆ ತಳ್ಳಲು ಕಾಲುವೆಗಳೇ ಉಳಿದಿರುವುದಿಲ್ಲ. ಹೊಸ ಕಾರು ಟೈರಿನಲ್ಲಿ ಕಾಲುವೆಯ ಆಳ ಸುಮಾರು 8 ಮಿಲಿಮೀಟರ್; ಕಾನೂನು ಒಪ್ಪುವ ಕನಿಷ್ಠ 1.6. ಅದನ್ನು ಅಳೆಯಲು ಸ್ಕೇಲು ಬೇಡ. ಟೈರಿನ ಪಕ್ಕದಲ್ಲಿ ಸಣ್ಣ ತ್ರಿಕೋನ ಅಥವಾ ‘ಟಿಡಬ್ಲ್ಯುಐ’ ಎಂಬ ಅಕ್ಷರ ಹುಡುಕಿ, ಅದರ ನೇರಕ್ಕೆ ಕಾಲುವೆಯೊಳಗೆ ಒಂದು ಸಣ್ಣ ದಿಬ್ಬ ಇರುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಟೈರಿನ ಆಯಸ್ಸು ಮುಗಿದಂತೆ. ಬೈಕು, ಸ್ಕೂಟರಿನ ಟೈರಿನಲ್ಲೂ ಆ ದಿಬ್ಬ ಇರುತ್ತದೆ. ಪಕ್ಕದಲ್ಲೇ ನಾಲ್ಕು ಅಂಕಿಯೂ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳಲು ಬರುವವರು ಗೀರು ಆಳವಾಗಿದೆಯೇ ಎಂದಷ್ಟೇ ನೋಡುತ್ತಾರೆ, ಆ ನಾಲ್ಕು ಅಂಕಿಯನ್ನು ಕೇಳುವವರು ದಿನಕ್ಕೆ ಒಬ್ಬರೂ ಸಿಗುವುದಿಲ್ಲ ಎಂದು ಮಾಮು ಹೇಳುತ್ತಾರೆ. ನಮ್ಮ ಕಾಲೇಜಿನ ಪಾರ್ಕಿಂಗಿನಲ್ಲಿ ನಿಂತಿರುವ ನಿಮ್ಮ ಗಾಡಿಯಲ್ಲಿ ಆ ಅಂಕಿ ಎಷ್ಟಿದೆ, ಇವತ್ತು ಮನೆಗೆ ಹೊರಡುವಾಗ ಬಗ್ಗಿ ನೋಡಿ.